ಮೊಟ್ಟೆ ಎತ್ತುವ ಮೊದಲು

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು ಟೊಂಕದಂಥ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಂಡ ಗೂಡನ್ನೆಲ್ಲ ಅಗೆದು ಬಕೆಟ್‌ಗೆ ತುಂಬಿಕೊಳ್ಳುವುದೇ ಸಂರಕ್ಷಣೆ ಅಂತ ನಾವೂ ಅಂದುಕೊಂಡಿದ್ದೆವು. ಈಗ ಆದಷ್ಟೂ ಇದ್ದಲ್ಲೇ ಬಿಡುತ್ತೇವೆ.

ಹುಡುಕಾಟ ಬೆಳಕು ಹರಿಯುವ ಮುಂಚೆ, ಜನರೂ ನಾಯಿಗಳೂ ತುಳಿದು ಜಾಡು ಅಳಿಸುವ ಮೊದಲು. ಜಾಡು ಮುಕ್ಕಾಲು ಮೀಟರಿನಷ್ಟು ಅಗಲ. ಎಡ, ಬಲ ಈಜುಗಾಲಿನ ಗುರುತು ಒಂದಾದ ಮೇಲೊಂದು ಬಿದ್ದಿರುತ್ತವೆ. ಹತ್ತಿದ ಜಾಡು, ಇಳಿದ ಜಾಡು ಕೂಡುವಲ್ಲಿ ಕೆದಕಿದ ಮರಳಿದ್ದರೆ ಅಲ್ಲೇ ನೋಡಿ. ಕೋಲು ಚುಚ್ಚಬೇಡಿ. ದಡದಿಂದ ಎಳೆಯುವ ಕೈರಂಪಣಿ ಬಲೆಯ ಹಿರಿಯ ಮೀನುಗಾರರ ಕೈಗೆ ಆ ಹದ ಗೊತ್ತು, ನಮಗಿಲ್ಲ. ಒಂದು ಮೊಟ್ಟೆ ಒಡೆದರೂ ಇರುವೆ ಬರುತ್ತದೆ, ಬೂಷ್ಟು ಪಕ್ಕದವಕ್ಕೂ ಹಬ್ಬುತ್ತದೆ. ಬೆರಳಿನಿಂದ ಮರಳು ಸರಿಸಿ, ಮೇಲಿನ ಮೊಟ್ಟೆ ಕಂಡೊಡನೆ ಮುಚ್ಚಿಬಿಡಿ.

ಗೂಡಿನ ಮೇಲೆ ಒಂದು ಮೀಟರ್ ಚೌಕದ ಬಿದಿರು ದಬ್ಬೆಯ ತಟ್ಟಿ ಮಲಗಿಸಿ, ನಾಲ್ಕು ಮೂಲೆಗೆ ಗೂಟ ಹೊಡೆದು, ಅಂಗೈಯಗಲ ಮರಳು ಎಳೆಯುತ್ತೇವೆ. ದಬ್ಬೆಗಳ ನಡುವೆ 10 ಸೆಂ.ಮೀ. ಸಂದು. ನಾಯಿ, ನರಿಗೆ ಅಗೆಯಲಾಗದು, ನಾಲ್ಕು ಸೆಂ.ಮೀ. ಉದ್ದದ ಮರಿ ನುಸುಳಿ ಬರುತ್ತದೆ. ಕೋಳಿಗೂಡಿನ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಮರಿಗಳು ಒಳಗೇ ಸಿಕ್ಕಿ ಬಿಸಿಲೇರುತ್ತಲೇ ಸಾಯುತ್ತವೆ. ಮರಿಗಳು ಭೂಮಿಯ ಕಾಂತಶಕ್ತಿ ಗುರುತಿಸಿ ದಿಕ್ಕು ಹಿಡಿಯುತ್ತವೆ, ಹಾಗಾಗಿ ಕಬ್ಬಿಣ ಬೇಡ.

ಉಬ್ಬರದ ನೀರು ಮುಟ್ಟುವ ಗೆರೆಗಿಂತ ಕೆಳಗಿದ್ದರೆ ಮಾತ್ರ ಸ್ಥಳಾಂತರ. ಮೊಟ್ಟೆ ಸಿಪ್ಪೆಯ ಮೂಲಕ ಉಸಿರಾಡುತ್ತದೆ, ನೀರು ನಿಂತರೆ ಉಸಿರು ಕಟ್ಟಿಹೋಗುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕೈಹಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿಯಿದು.

ಇಟ್ಟು ಆರು ತಾಸಿನೊಳಗೆ ಎತ್ತಬೇಕು. ಆಮೇಲೆ ಭ್ರೂಣ ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಮೊಟ್ಟೆ ಉರುಳಿದರೆ ಹರಿದುಹೋಗುತ್ತದೆ. ಹೊರಗೆ ಏನೂ ತಿಳಿಯುವುದಿಲ್ಲ. ಎರಡು ತಿಂಗಳು ಕಾದ ಮೇಲೆ ಗೊತ್ತಾಗುತ್ತದೆ. ಬಕೆಟ್ ತಳಕ್ಕೆ ಗೂಡಿನದೇ ಹಸಿ ಮರಳು, ಮೊಟ್ಟೆ ಒಂದೊಂದಾಗಿ, ಮೇಲಿದ್ದ ಬದಿ ಮೇಲೇ ಇರುವಂತೆ. ಬೈಕಿನಲ್ಲಿ ಒಯ್ಯಬೇಡಿ, ನಡೆದುಹೋಗಿ. ಹೊಸ ಗುಂಡಿಯ ಆಳ ಹಳೆಯದರಷ್ಟೇ, ಸಾಮಾನ್ಯವಾಗಿ 45 ಸೆಂ.ಮೀ.; ಬಾಯಿ ಕಿರಿದು, ತಳ ಅಗಲ, ಹೂಜಿಯ ಹಾಗೆ. ಒಣ ಮರಳಲ್ಲಿ ಗೋಡೆ ಕುಸಿಯುತ್ತದೆ. ಮೇಲಿನ ಒಣಪದರ ತೆಗೆದು ತೋಡಿ. ಗಾಳಿಮರದ ಬುಡ ಬೇಡ, ಬೇರು ಗೂಡಿಗಿಳಿಯುತ್ತದೆ. ಗೂಡಿನಿಂದ ಗೂಡಿಗೆ ಒಂದು ಮೀಟರ್.

ನೆರಳುಬಲೆಯ ಬಗ್ಗೆ ಅವಸರ ಬೇಡ. ಮರಳಿನ ಬಿಸಿಯೇ ಮರಿ ಗಂಡೋ ಹೆಣ್ಣೋ ನಿರ್ಧರಿಸುತ್ತದೆ: 30 ಡಿಗ್ರಿಯ ಆಸುಪಾಸಿಗಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಗೂಡಿನ ಆಳದಲ್ಲಿ ಥರ್ಮಾಮೀಟರ್ 33 ದಾಟಿದರಷ್ಟೇ ಕಟ್ಟುತ್ತೇವೆ.

45ನೇ ದಿನದಿಂದ ರಾತ್ರಿ ಕಾವಲು. ಮರಿ ಬಂದರೆ ಹತ್ತಿರದ ಲೈಟ್ ಆರಿಸಿ, ಮೊಬೈಲ್ ಕಿಸೆಯಲ್ಲಿರಲಿ. ಅವು ಮರಳಲ್ಲಿ ತಾವೇ ನಡೆದು ನೀರು ಸೇರಬೇಕು. ಬೆಳಗ್ಗೆ ಅತಿಥಿಗಳ ಕೈಯಿಂದ ಬಿಡಿಸೋಣವೆಂದು ಟಬ್‌ನಲ್ಲಿಟ್ಟರೆ ಮರಿಗಳು ಕಡಲು ದಾಟಬೇಕಾದ ಕಸುವನ್ನೆಲ್ಲ ಅಲ್ಲೇ ಈಜಿ ಕಳೆಯುತ್ತವೆ. ಮೇಲಿಂದ ಕಾಗೆ, ಗರುಡನ ಕಾಟ.

ಕೊನೆಯ ಮರಿ ಹೋಗಿ ಮೂರು ದಿನಕ್ಕೆ ಗೂಡು ತೆರೆಯಿರಿ. ಖಾಲಿ ಸಿಪ್ಪೆ, ಕೆಟ್ಟ ಮೊಟ್ಟೆ, ಸತ್ತ ಮರಿ ಬೇರೆಬೇರೆ ಎಣಿಸಿ ಪುಸ್ತಕಕ್ಕೆ ಬರೆಯಿರಿ. ಮರಿಗಳು ಪೂರ್ತಿ ಬೆಳೆದು ಗೂಡಿನ ಕತ್ತಿನಲ್ಲೇ ಸತ್ತಿದ್ದರೆ ಮೇಲಿನ ಮರಳನ್ನು ಯಾರೋ ತುಳಿದು ಗಟ್ಟಿಮಾಡಿದ್ದಾರೆ ಅಂತ ತಿಳಿಯಿರಿ. ಹೆಚ್ಚಾಗಿ ಅದು ಕಾವಲಿಗೆ ಕೂತ ನಾವೇ.