ವಿಂಡರ್‌ಮಿಯರ್ ಈಜುವ ಮೊದಲು ಕಯಾಕ್‌ನಲ್ಲಿ ಕೂರುವವರನ್ನು ತಯಾರು ಮಾಡಿ

ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸರೋವರ. ದಕ್ಷಿಣದ ಫೆಲ್ ಫುಟ್‌ನಿಂದ ಉತ್ತರದ ಆಂಬಲ್‌ಸೈಡ್ ದಡಕ್ಕೆ ಸುಮಾರು 17 ಕಿಲೋಮೀಟರ್. ನಾನು ಎರಡು ಸಲ ಇಳಿದೆ. ಮೊದಲ ಸಲ ಜೂನ್‌ನಲ್ಲಿ, ನೀರು 15 ಡಿಗ್ರಿ. 11 ಕಿಲೋಮೀಟರ್ ಆಗುವ ಹೊತ್ತಿಗೆ ನನ್ನನ್ನು ಎಳೆದು ದೋಣಿಗೆ ಹಾಕಿದರು. ಮರುವರ್ಷ ಆಗಸ್ಟ್‌ನಲ್ಲಿ, 18 ಡಿಗ್ರಿಯಲ್ಲಿ, 7 ಗಂಟೆ 40 ನಿಮಿಷಕ್ಕೆ ಮುಗಿಸಿದೆ. ಮೂರು ಡಿಗ್ರಿ ಸಣ್ಣದಲ್ಲ, ನಿಜ. ಆದರೆ ಅದಕ್ಕಿಂತ ಜಾಸ್ತಿ ಬದಲಾಗಿದ್ದು, ಹುಟ್ಟು ಹಾಕಿ ಸಾಗುವ ಕಿರುದೋಣಿ ಕಯಾಕ್‌ನಲ್ಲಿ ನನ್ನ ಪಕ್ಕದಲ್ಲೇ ಬರುತ್ತಿದ್ದ ನನ್ನ ನಾದಿನಿಯ ಕೆಲಸ.

ಮೊದಲ ಸಲ ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಸುಮ್ನೆ ಬಾಟಲಿ ಕೊಡು ಎಂದಿದ್ದೆ, ಅಷ್ಟೇ. ತಪ್ಪು ನನ್ನದೇ. ಚಳಿ ಹತ್ತಿದರೆ ಮೊದಲು ಮಂಕಾಗುವುದು ತಲೆ. ನನಗೆ ಚಳಿಯಾಗುತ್ತಿದೆ ಎನ್ನುವುದೇ ಈಜುವವಳಿಗೆ ತಿಳಿಯುವುದಿಲ್ಲ. ಅವಳು, "ಅತ್ತಿಗೆ, ಇವತ್ತು ಯಾವ ವಾರ?" ಎಂದು ಕೇಳಿದಳಂತೆ. ನಾನು "ತೀರ್ಥಹಳ್ಳಿ" ಎಂದೆನಂತೆ. ನನಗೆ ಅದು ಈಗಲೂ ನೆನಪಿಲ್ಲ.

ಹಾಗಾಗಿ ಕಯಾಕ್‌ನಲ್ಲಿ ಕೂರುವವರಿಗೆ ಇಷ್ಟು ಕಲಿಸಿ. ಅರ್ಧ ಗಂಟೆಗೊಮ್ಮೆ ಗಡಿಯಾರ ಹಿಡಿದು ಒಂದು ನಿಮಿಷ ನಿಮ್ಮ ಕೈ ಬೀಸು ಎಣಿಸಬೇಕು, ಬರೆದಿಡಬೇಕು. ನನ್ನದು ನಿಮಿಷಕ್ಕೆ 60ರ ಆಸುಪಾಸು. 50ಕ್ಕೆ ಇಳಿದರೆ ಏನೋ ಸರಿಯಿಲ್ಲ ಎಂದೇ ಅರ್ಥ. ಆಗ "ಹುಷಾರಾಗಿದ್ದೀರಾ?" ಎಂದು ಕೇಳಬಾರದು. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಬೆಳಿಗ್ಗೆ ಏನು ತಿಂದಿರಿ, ಅಮ್ಮನ ಫೋನ್ ನಂಬರಿನ ಕೊನೆಯ ಮೂರು ಅಂಕಿ ಯಾವುದು, ಹೀಗೆ ಕೇಳಬೇಕು. ಉತ್ತರ ತಪ್ಪಾದರೆ, ನಾಲಿಗೆ ತೊದಲಿದರೆ, ಈಜು ಅಲ್ಲಿಗೆ ಮುಗಿಯಿತು. ಮ್ಯಾರಥಾನ್ ಈಜಿನ ನಿಯಮದಲ್ಲಿ ಆಸರೆಗೆಂದು ದೋಣಿ ಹಿಡಿದರೆ ಆ ಈಜು ಲೆಕ್ಕಕ್ಕಿಲ್ಲ. ಆ ಭಯಕ್ಕೇ ಎಷ್ಟೋ ಜನ ತಡಮಾಡುತ್ತಾರೆ. ನಾದಿನಿ ನನ್ನ ಕೈ ಹಿಡಿದು ನಿಲ್ಲಿಸಿದರೆ ನಾನು ವಾದ ಮಾಡುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೆ. ನೀವೂ ಕೊಡಿ, ಮನಸ್ಸಿಟ್ಟು ಕೊಡಿ. ಜೊತೆಗೆ ಒಂದು ಮೋಟಾರ್ ದೋಣಿಯೂ ಇರಲಿ. ಕಯಾಕ್‌ಗೆ ಮನುಷ್ಯರನ್ನು ಎತ್ತಿ ಹಾಕುವುದು ಆಗದ ಕೆಲಸ.

ಕಿವಿಯಲ್ಲಿ ಪ್ಲಗ್ ಇರುವಾಗ ಕೂಗಿದರೆ ಕೇಳಿಸುವುದಿಲ್ಲ. ಒಂದು ಸ್ಲೇಟು ಇಟ್ಟುಕೊಳ್ಳಿ. 1954ರ ಸೆಪ್ಟೆಂಬರ್‌ನಲ್ಲಿ 16 ವರ್ಷದ ಮ್ಯಾರಿಲಿನ್ ಬೆಲ್ ಕೆನಡಾ-ಅಮೆರಿಕ ನಡುವಿನ ಒಂಟಾರಿಯೊ ಸರೋವರವನ್ನು ಸುಮಾರು 21 ಗಂಟೆ ಈಜಿ ದಾಟಿದಳು. ಆ ಸರೋವರವನ್ನು ಈಜಿ ದಾಟಿದವರಲ್ಲಿ ಅವಳೇ ಮೊದಲಿಗಳು. ಅವಳ ಕೋಚ್ ಗಸ್ ರೈಡರ್ ದೋಣಿಯಿಂದ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ನನ್ನ ನಾದಿನಿ ಕನ್ನಡದಲ್ಲಿ ಬರೆದಳು, ದೊಡ್ಡ ಅಕ್ಷರದಲ್ಲಿ, ಒಂದೊಂದೇ ಪದ. ಎಷ್ಟು ದೂರ ಉಳಿದಿದೆ ಎಂದು ಮಾತ್ರ ಬರೆಯಬೇಡ ಎಂದಿದ್ದೆ. ಆ ಸಂಖ್ಯೆ ಕಂಡರೆ ತೋಳು ಭಾರವಾಗುತ್ತದೆ.

ಇನ್ನು ಊಟ. ಅರ್ಧ ಗಂಟೆಗೊಮ್ಮೆ ಬೆಚ್ಚಗಿನ ನೀರಿಗೆ 30 ಗ್ರಾಂ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ (ಬೇಗ ಶಕ್ತಿ ಕೊಡುವ, ಪಿಷ್ಟದಿಂದ ಮಾಡಿದ ಪುಡಿ), ಚೂರು ಶುಂಠಿ ರಸ. ನಾನು ಆಸೆಯಿಂದ ರಾಗಿ ಅಂಬಲಿ ಮಾಡಿಕೊಂಡು ಹೋಗಿದ್ದೆ. ತಳದಲ್ಲಿ ಗಟ್ಟಿಯಾಗಿ ಬಾಟಲಿ ಬಾಯಿ ಕಟ್ಟಿಕೊಂಡಿತು. ಬೆಲ್ಲದ ನೀರು ಚೆನ್ನಾಗಿ ಒಗ್ಗಿತು. ಬಾಟಲಿಗೆ ಹಗ್ಗ ಕಟ್ಟಿ ಎಸೆಯಲಿ. ಅಂಗಾತ ತೇಲುತ್ತಾ ಕುಡಿಯಿರಿ, ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ನಿಂತಷ್ಟೂ ಮೈ ತಣ್ಣಗಾಗುತ್ತದೆ.

ಹೆಂಗಸರು ನನ್ನನ್ನು ಗುಟ್ಟಾಗಿ ಕೇಳುವ ವಿಷಯಗಳನ್ನು ಇಲ್ಲಿ ಬಿಡಿಸಿಯೇ ಹೇಳುತ್ತೇನೆ. ಮುಟ್ಟಾದರೆ ಈಜು ಮುಂದಕ್ಕೆ ಹಾಕಬೇಕಿಲ್ಲ. ಮುಟ್ಟಿನ ಕಪ್ ಅಥವಾ ಟ್ಯಾಂಪೂನ್ ಸಾಕು, ತರಬೇತಿಯಲ್ಲೇ ಹಾಕಿ ನೋಡಿರಿ. ಮೂತ್ರವನ್ನು ಕಟ್ಟಿಕೊಳ್ಳಲೇಬೇಡಿ, ನೀರಿನಲ್ಲೇ ಮಾಡಿ. ಎರಡು ಮೂರು ಗಂಟೆ ಬಂದೇ ಇಲ್ಲವೆಂದರೆ ಕಯಾಕ್‌ನವರಿಗೆ ಹೇಳಿ. ಕಂಕುಳು, ಕತ್ತು, ಈಜುಡುಗೆಯ ಪಟ್ಟಿ ತಾಗುವ ಜಾಗ, ಎಲ್ಲ ಕಡೆ ದಪ್ಪಗೆ ವ್ಯಾಸಲೀನ್ ಹಚ್ಚಿ. ಆದರೆ ಬೇರೆಯವರು ಹಚ್ಚಲಿ, ನಿಮ್ಮ ಕೈಗೆ ಅಂಟಿದರೆ ಗಾಗಲ್ಸ್ ಮಸುಕಾಗುತ್ತದೆ. ಮೈಯಲ್ಲಿ ಸ್ವಲ್ಪ ಕೊಬ್ಬಿದ್ದರೆ ಅದು ನಿಮ್ಮ ಕಂಬಳಿ. ಈಜಿಗೆ ಮೊದಲು ಯಾರ ಮಾತಿಗೂ ತೆಳ್ಳಗಾಗಲು ಹೋಗಬೇಡಿ.

ತರಬೇತಿಗೆ ನಾನು ಮೇ ತಿಂಗಳಿಂದ ವಾರಕ್ಕೆರಡು ಸಲ ಸರೋವರಕ್ಕೇ ಹೋದೆ, ಪ್ರತಿ ಸಲ ಹತ್ತು ನಿಮಿಷ ಜಾಸ್ತಿ. ಒಬ್ಬಳೇ ಎಂದೂ ಇಳಿಯಲಿಲ್ಲ. ಈಜಿಗೆ ನಾಲ್ಕು ವಾರ ಮೊದಲು ಒಮ್ಮೆ ಐದು ಗಂಟೆ ಈಜಿದೆ. ತಣ್ಣೀರಿಗೆ ಧುಮುಕಬೇಡಿ, ಮೆಲ್ಲಗೆ ಇಳಿಯಿರಿ. ಮೊದಲ ಒಂದೆರಡು ನಿಮಿಷ ಉಸಿರು ಮೇಲೆ ಕೆಳಗೆ ಆಗುತ್ತದೆ. ಅದು ತಹಬಂದಿಗೆ ಬಂದ ಮೇಲೆ ಹೊರಡಿ. ನಾನು ತುಂಗೆಯಲ್ಲಿ ಈಜು ಕಲಿತವಳು, ಆ ಬೆಚ್ಚಗಿನ ನೀರು ಇದನ್ನು ಕಲಿಸಿರಲಿಲ್ಲ. ದಾಖಲೆಗಾಗಿ ಅಲ್ಲವಾದರೆ ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ, ವೆಟ್‌ಸೂಟ್, ಹಾಕಿಕೊಳ್ಳಿ, ಅದರಲ್ಲಿ ಸಣ್ಣತನವೇನಿಲ್ಲ. ಬೇಸಿಗೆಯಲ್ಲಿ ಈ ಸರೋವರದಲ್ಲಿ ನೀಲಿ-ಹಸಿರು ಪಾಚಿ ಬರುವುದುಂಟು. ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡರೆ ಆ ದಿನ ಇಳಿಯಬೇಡಿ.

ಬೆಳಗಾಗುತ್ತಲೇ ದಕ್ಷಿಣದಿಂದ ಹೊರಡಿ. ನೈಋತ್ಯದ ಗಾಳಿ ಇದ್ದರೆ ಬೆನ್ನ ಹಿಂದಿರುತ್ತದೆ, ಪ್ರವಾಸಿ ದೋಣಿಗಳು ಏಳುವ ಮೊದಲೇ ಅರ್ಧ ದಾರಿ ಸಾಗುತ್ತದೆ. ಮಧ್ಯದಲ್ಲಿ, ಬೆಲ್ ಐಲ್ ದ್ವೀಪಕ್ಕೆ ಮೊದಲು, ಕೇಬಲ್ ಎಳೆದು ಸಾಗುವ ಫೆರಿ ಅಡ್ಡ ಬರುತ್ತದೆ. ಅದರ ಎರಡೂ ಬದಿಯಲ್ಲಿ ಕೇಬಲ್ ನೀರಿನ ಮೇಲಕ್ಕೆ ಏಳುತ್ತದೆ. ಫೆರಿ ದಡ ಸೇರಿ ನಿಲ್ಲುವ ತನಕ ದೂರದಲ್ಲೇ ಕಾಯಿರಿ.

ದಡ ಮುಟ್ಟಿದ ಮೇಲೂ ಹತ್ತಿಪ್ಪತ್ತು ನಿಮಿಷ ಮೈ ಇನ್ನೂ ತಣ್ಣಗಾಗುತ್ತಲೇ ಹೋಗುತ್ತದೆ. ಬಿಸಿನೀರಿನ ಸ್ನಾನಕ್ಕೆ ಓಡಬೇಡಿ, ತಲೆ ಸುತ್ತಿ ಬೀಳಬಹುದು. ಒದ್ದೆ ಬಟ್ಟೆ ತೆಗೆದು ಒರೆಸಿಕೊಂಡು ಉಣ್ಣೆ ಟೋಪಿ, ಸ್ವೆಟರ್ ಹಾಕಿ. ಬೆಚ್ಚಗಿನ ಸಿಹಿ ಚಹಾ ಕುಡಿಯಿರಿ. ಆ ದಿನ ನೀವು ಕಾರು ಓಡಿಸಬೇಡಿ. ತೋಳು ಎರಡು ದಿನ ಮೇಲೆ ಏಳುವುದಿಲ್ಲ. ನನ್ನ ಜಡೆ ಹೆಣೆದಿದ್ದೂ ನಾದಿನಿಯೇ.