ಅರ್ಧ ಒತ್ತಿದರೆ ಬೀಪ್, ಪೂರ್ತಿ ಒತ್ತಿದರೆ ಏನೂ ಇಲ್ಲ

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಶಟರ್ ಬಟನ್, ಅಂದರೆ ಫೋಟೊ ತೆಗೆಯಲು ಒತ್ತುವ ಬಟನ್, ಕೈಕೊಡಲು ಶುರು ಮಾಡಿತು. ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ, ಬೀಪ್ ಕೇಳುತ್ತದೆ. ಪೂರ್ತಿ ಒತ್ತಿದರೆ ಏನೂ ಆಗುವುದಿಲ್ಲ. ಬೆರಳನ್ನು ಒಂದು ಬದಿಗೆ ವಾಲಿಸಿ ಜೋರಾಗಿ ಅದುಮಿದರೆ ಒಮ್ಮೊಮ್ಮೆ ಕ್ಲಿಕ್ ಅನ್ನುತ್ತಿತ್ತು. ರಿಪೇರಿಗೆ ಕೇಳಿದ ದುಡ್ಡು ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಬಾಡಿಯ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾದ) ಅರ್ಧ ಬೆಲೆಯಷ್ಟಿತ್ತು. ಹಾಗಾಗಿ ಮೊದಲು ನಾನೇ ನೋಡೋಣ ಅಂತ ಕೂತೆ.

ಶಟರ್ ಬಟನ್ ಅಂದರೆ ಒಂದೇ ಸ್ವಿಚ್ ಅಲ್ಲ, ಎರಡು. ಒಳಗೆ ತೆಳ್ಳಗಿನ ಲೋಹದ ಪಟ್ಟಿಗಳಿರುತ್ತವೆ. ಅರ್ಧ ಒತ್ತಿದಾಗ ಮೊದಲ ಸಂಪರ್ಕ ಕೂಡುತ್ತದೆ, ಫೋಕಸ್ ಮತ್ತು ಬೆಳಕಿನ ಅಳತೆ ಶುರುವಾಗುತ್ತದೆ. ಪೂರ್ತಿ ಒತ್ತಿದಾಗ ಎರಡನೆಯದು ಕೂಡಿ ಶಟರ್ ಬೀಳುತ್ತದೆ, ಅಂದರೆ ಫೋಟೊ ಬರುತ್ತದೆ. ಮೊದಲನೆಯದು ಸರಿ ಇದ್ದು ಎರಡನೆಯದು ಮಾತ್ರ ಕೆಡಬಹುದು.

ಆದರೂ ಸುಮ್ನೆ ಬಟನ್ ಮೇಲೆ ಅನುಮಾನ ಪಡಬಾರದು. ಸಿಂಗಲ್ ಫೋಕಸ್ ಮೋಡ್‌ನಲ್ಲಿ (ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲಿಸುವ ಮೋಡ್) ಫೋಕಸ್ ಸಿಗದಿದ್ದರೆ ಬಟನ್ ಒತ್ತಿದರೂ ಕ್ಯಾಮೆರಾ ಸಾಮಾನ್ಯವಾಗಿ ಕ್ಲಿಕ್ ಮಾಡುವುದಿಲ್ಲ. ಅದಕ್ಕೇ ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ಹಾಕಿ ನೋಡಿದೆ. ಸೆಲ್ಫ್ ಟೈಮರ್, ಮೆಮೊರಿ ಕಾರ್ಡಿನ ಲಾಕ್ ಎರಡನ್ನೂ ನೋಡಿದೆ. ತೊಂದರೆ ಹಾಗೇ ಇತ್ತು.

ನಿಜವಾದ ಉತ್ತರ ಸಿಕ್ಕಿದ್ದು ವೈರ್ ರಿಮೋಟ್‌ನಿಂದ, ಅಂದರೆ ಕ್ಯಾಮೆರಾಗೆ ವೈರ್‌ನಲ್ಲಿ ಸಿಕ್ಕಿಸುವ ಹೊರಗಿನ ಶಟರ್ ಬಟನ್‌ನಿಂದ. ನನ್ನ ಕ್ಯಾಮೆರಾದ್ದು 2.5 ಮಿ.ಮೀ. ಜ್ಯಾಕ್. ರಿಮೋಟ್‌ನಲ್ಲೂ ಅರ್ಧ, ಪೂರ್ತಿ ಅಂತ ಅದೇ ಎರಡು ಹಂತ. ಅದನ್ನು ಸಿಕ್ಕಿಸಿ ಒತ್ತಿದೆ, ಪ್ರತಿ ಸಲವೂ ಶಟರ್ ಬಿತ್ತು. ಅಂದರೆ ಶಟರ್, ಮಿರರ್, ಬ್ಯಾಟರಿ, ಕಾರ್ಡ್ ಎಲ್ಲವೂ ಸರಿ. ಬಟನ್ ಕೆಳಗಿನ ಸಂಪರ್ಕ ಮಾತ್ರ ಕೆಟ್ಟಿದೆ. ರಿಮೋಟ್ ಇಲ್ಲದವರು ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ದೃಶ್ಯ ನೋಡುವ ಮೋಡ್) ಪರದೆ ಮುಟ್ಟಿ ಫೋಟೊ ತೆಗೆಯುವ ಟಚ್ ಶಟರ್ ಇದ್ದರೆ ಅದರಿಂದಲೇ ಪರೀಕ್ಷೆ ಮಾಡಬಹುದು. ರಿಮೋಟ್‌ಗೂ ಬೀಳದಿದ್ದರೆ ಅದು ಬೇರೆಯೇ ರೋಗ, ಅಲ್ಲಿಗೆ ನಮ್ಮ ಕೈಚಳಕ ನಿಲ್ಲಿಸಬೇಕು.

ಆ ಸಂಪರ್ಕದ ಕೊಳೆ ತೊಳೆಯಲು ಮೊಬೈಲ್ ರಿಪೇರಿಯವರು ಬಳಸುವ 99% ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ. ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ, ಎಣ್ಣೆ ಒಳಗೇ ಉಳಿಯುತ್ತದೆ. ಬ್ಯಾಟರಿ, ಕಾರ್ಡ್ ತೆಗೆದೆ. ಇನ್ಸುಲಿನ್ ಸಿರಿಂಜ್‌ನ ಸೂಜಿಯನ್ನು ಬಟನ್ ಸುತ್ತಲಿನ ಸಂದಿಗೆ ತಾಗಿಸಿ ಒಂದೇ ಒಂದು ಹನಿ ಬಿಟ್ಟೆ. ಅದು ಸರ್ರನೆ ಒಳಗೆ ಇಳಿಯಿತು. ಆಮೇಲೆ ಬೆರಳು ನೋಯುವವರೆಗೆ ಬಟನ್ ಒತ್ತಿದ್ದೇ ಒತ್ತಿದ್ದು. ಕೊಳೆ ಬಿಡಿಸುವುದು ಆ ಉಜ್ಜಾಟವೇ. ಸಂದಿಯಿಂದ ಕಪ್ಪಗಿನ ಜಿಡ್ಡು ಸ್ವಲ್ಪ ಮೇಲೆ ಬಂತು, ಬಟ್ಟೆಯಲ್ಲಿ ಒರೆಸಿ ಇನ್ನೊಂದು ಹನಿ ಬಿಟ್ಟೆ. ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟು, ಬೆಳಿಗ್ಗೆ ಬ್ಯಾಟರಿ ಹಾಕಿದೆ. ಆಲ್ಕೊಹಾಲ್ ಪೂರ್ತಿ ಆರುವ ಮುಂಚೆ ಕರೆಂಟ್ ಕೊಡಬಾರದು.

ಬಟನ್ ಈಗ ನೇರವಾಗಿ ಒತ್ತಿದರೂ ಕೆಲಸ ಮಾಡುತ್ತದೆ. ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್‌ನಲ್ಲೂ ತಪ್ಪುತ್ತಿಲ್ಲ. ಪಟ್ಟಿ ಸವೆದಿದ್ದರೆ ಇದು ಮತ್ತೆ ಬರುತ್ತದೆ, ಆಗ ಸ್ವಿಚ್ಚನ್ನೇ ಬದಲಿಸಬೇಕು. ಆ ಕೆಲಸ ಮಾತ್ರ ನಾನು ಮಾಡುವುದಿಲ್ಲ. ಮೇಲಿನ ಕವರ್ ಬಿಚ್ಚಿದರೆ ಫ್ಲ್ಯಾಶ್‌ನ ಕೆಪಾಸಿಟರ್ ಹತ್ತಿರವೇ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದರಲ್ಲಿ 300 ವೋಲ್ಟ್‌ನಷ್ಟು ಚಾರ್ಜ್ ಉಳಿದಿರಬಹುದು. ಬಟನ್ ಮತ್ತೆ ಕೈಕೊಟ್ಟರೆ ಇರಲಿ ಅಂತ ರಿಮೋಟ್ ಬ್ಯಾಗಿನಲ್ಲೇ ಇರುತ್ತದೆ.