ಜೂನ್‌ನಲ್ಲಿ ಹಾಕುವ ಮತಕ್ಕೆ ಬೆಲೆ ಎಷ್ಟು? ಅಮೆರಿಕದ ಪ್ರೈಮರಿ ಮತ್ತು ಕನ್ನಡಿಗ ಮತದಾರರು

2024ರ ಮಾರ್ಚ್ 12ರ ರಾತ್ರಿಯ ಹೊತ್ತಿಗೆ ಬೈಡನ್, ಟ್ರಂಪ್ ಇಬ್ಬರಿಗೂ ಅಧ್ಯಕ್ಷ ಚುನಾವಣೆಗೆ ತಮ್ಮ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಬೇಕಾದಷ್ಟು ಡೆಲಿಗೇಟ್‌ಗಳು (ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು) ಸಿಕ್ಕಿಯಾಗಿತ್ತು. ನ್ಯೂಜೆರ್ಸಿಯ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ನಡೆದದ್ದು ಜೂನ್ 4ಕ್ಕೆ. ಅಂದರೆ ಅಲ್ಲಿನ ಎಡಿಸನ್ ಊರಿನ ಕನ್ನಡಿಗರು ಮತಗಟ್ಟೆಗೆ ಹೋಗುವಾಗ ತೀರ್ಮಾನವಾಗಿ ಹನ್ನೆರಡು ವಾರ ಕಳೆದಿತ್ತು.

ನಮ್ಮೂರಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಮತದಾರರೇ ಕೊಡುತ್ತಾರೆ, ಆದರೆ ನೇರವಾಗಿ ಅಲ್ಲ. ಪ್ರೈಮರಿ ಅಥವಾ ಕಾಕಸ್‌ನ (ಪಕ್ಷದವರು ಸಭೆ ಸೇರಿ ಆರಿಸುವ ಕ್ರಮ) ಫಲಿತಾಂಶದ ಮೇಲೆ ಪ್ರತಿ ಅಭ್ಯರ್ಥಿಗೂ ಡೆಲಿಗೇಟ್‌ಗಳ ಹಂಚಿಕೆಯಾಗುತ್ತದೆ. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವವರು ಆ ಡೆಲಿಗೇಟ್‌ಗಳು. ರಿಪಬ್ಲಿಕನ್ ಪಕ್ಷದಲ್ಲಿ 2024ರಲ್ಲಿ ಇದ್ದದ್ದು 2,429 ಡೆಲಿಗೇಟ್‌ಗಳು, ಗೆಲ್ಲಲು ಬೇಕಿದ್ದದ್ದು 1,215. ಆ ಸಂಖ್ಯೆ ದಾಟಿದ ಮೇಲೆ ಉಳಿದ ರಾಜ್ಯಗಳ ಮತ ಬರೀ ಲೆಕ್ಕಕ್ಕೆ.

ಅನ್ಯಾಯದ ಬೇರು ಇರುವುದು ದಿನಾಂಕದಲ್ಲಿ. ತನ್ನ ಪ್ರೈಮರಿ ಅಂಥ ಬೇರೆ ಯಾವುದೇ ಚುನಾವಣೆಗಿಂತ ಕನಿಷ್ಠ ಏಳು ದಿನ ಮುಂಚೆ ನಡೆಯಬೇಕು ಎಂದು ನ್ಯೂಹ್ಯಾಂಪ್‌ಶೈರ್ ಕಾನೂನನ್ನೇ ಮಾಡಿಕೊಂಡಿದೆ. ಯಾವ ರಾಜ್ಯ ಯಾವಾಗ ಎಂದು ಪಕ್ಷ ಗೊತ್ತುಮಾಡಿದ ಸರದಿ ಮುರಿದವರಿಗೆ ಪಕ್ಷ ಶಿಕ್ಷೆ ಕೊಡುತ್ತದೆ. 2008ರಲ್ಲಿ ಮಿಷಿಗನ್ ಜನವರಿ 15ಕ್ಕೆ, ಫ್ಲೋರಿಡಾ ಜನವರಿ 29ಕ್ಕೆ ನುಗ್ಗಿದವು. ಡೆಮಾಕ್ರಟಿಕ್ ಪಕ್ಷ ಮೊದಲು ಎರಡೂ ರಾಜ್ಯಗಳ ಎಲ್ಲ ಡೆಲಿಗೇಟ್‌ಗಳನ್ನು ಕಿತ್ತುಕೊಂಡಿತು, ಮೇ ಕೊನೆಯಲ್ಲಿ ಒಬ್ಬೊಬ್ಬರಿಗೆ ಅರ್ಧ ಮತ ಕೊಟ್ಟಿತು, ಸಮಾವೇಶದ ಹೊತ್ತಿಗೆ ಪೂರ್ತಿ ಹಿಂದಿರುಗಿಸಿತು. ಆದರೆ ಮಿಷಿಗನ್ ಮತಪತ್ರದಲ್ಲಿ ಒಬಾಮಾ ಹೆಸರೇ ಇರಲಿಲ್ಲ. ಅಂಥ ಮತಪತ್ರ ಹಿಡಿದು ನಿಂತವರ ಮತವನ್ನು ಯಾವ ತಿದ್ದುಪಡಿಯೂ ಹಿಂದೆ ತಂದುಕೊಡಲಾರದು. 2024ರಲ್ಲಿ ಅದೇ ಪಕ್ಷ ಸೌತ್ ಕೆರೊಲಿನಾಕ್ಕೆ ಮೊದಲ ಸ್ಥಾನ ಕೊಟ್ಟಿತು. ನ್ಯೂಹ್ಯಾಂಪ್‌ಶೈರ್ ಕೇಳದೆ ಜನವರಿ 23ಕ್ಕೇ ಮತದಾನ ನಡೆಸಿತು.

ಸಣ್ಣ ರಾಜ್ಯ ಮೊದಲಿದ್ದರೆ ಹಣವಿಲ್ಲದ ಅಭ್ಯರ್ಥಿಯೂ ಮನೆಮನೆಗೆ ಹೋಗಿ ಗೆಲ್ಲಬಹುದು ಎಂಬ ವಾದದಲ್ಲಿ ಸತ್ಯವಿದೆ. ಹಾಗೆಂದು ಪ್ರತಿ ಸಲವೂ ಅದೇ ರಾಜ್ಯವೇ ಏಕೆ? ದೇಶವನ್ನು ನಾಲ್ಕು ಭಾಗ ಮಾಡಿ, ಮೊದಲ ಸ್ಥಾನವನ್ನು ಸರದಿಯಂತೆ ಒಂದೊಂದು ಭಾಗಕ್ಕೆ ಕೊಡುವ ಯೋಜನೆಯನ್ನು ರಾಜ್ಯಗಳಲ್ಲಿ ಚುನಾವಣೆ ನೋಡಿಕೊಳ್ಳುವ ಅಧಿಕಾರಿಗಳಾದ ಸೆಕ್ರೆಟರಿ ಆಫ್ ಸ್ಟೇಟ್‌ಗಳ ಸಂಘ ಬಹಳ ಹಿಂದೆಯೇ ಮುಂದಿಟ್ಟಿದೆ. ಅದರಲ್ಲೂ ಅಯೋವಾ, ನ್ಯೂಹ್ಯಾಂಪ್‌ಶೈರ್‌ಗಳನ್ನು ಮೊದಲೇ ಇಡಲಾಗಿತ್ತು; ಅದೊಂದನ್ನು ಬಿಟ್ಟರೆ ನಮಗೆ ಸರಿ ಕಾಣುವುದು ಅದೇ.

ಎರಡನೆಯ ತೊಡಕು ಹಂಚಿಕೆಯ ಗಣಿತ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಶೇ. 15ಕ್ಕಿಂತ ಕಡಿಮೆ ಮತ ಪಡೆದವರಿಗೆ ಏನೂ ಸಿಗದು. ನಿಮ್ಮ ಕಾಂಗ್ರೆಸ್ ಕ್ಷೇತ್ರಕ್ಕೆ (ಅಮೆರಿಕ ಸಂಸತ್ತಿನ ಕೆಳಮನೆಯ ಕ್ಷೇತ್ರ) 4 ಡೆಲಿಗೇಟ್‌ಗಳಿದ್ದು, ಇಬ್ಬರು ಅಭ್ಯರ್ಥಿಗಳು 60–40ರಂತೆ ಮತ ಪಡೆದರು ಅನ್ನಿ. ಲೆಕ್ಕ 2.4 ಮತ್ತು 1.6, ದುಂಡಗೆ ಮಾಡಿದರೆ 2–2. ಶೇ. 20ರ ಅಂತರದ ಗೆಲುವಿಗೆ ಒಂದು ಡೆಲಿಗೇಟ್‌ನ ಲಾಭವೂ ಇಲ್ಲ; 3–1 ಆಗಬೇಕಾದರೆ ಶೇ. 62.5 ಬೇಕು. ಪಕ್ಕದ ಕ್ಷೇತ್ರದಲ್ಲಿ 5 ಡೆಲಿಗೇಟ್‌ಗಳಿದ್ದರೆ ಶೇ. 51 ಪಡೆದವರಿಗೇ 3–2. ಹಾಗಾಗಿ ಅಭ್ಯರ್ಥಿಗಳು ಬೆಸ ಸಂಖ್ಯೆಯ ಕ್ಷೇತ್ರಗಳಿಗೆ ಹೆಚ್ಚು ಓಡಾಡುತ್ತಾರೆ. ರಿಪಬ್ಲಿಕನ್ನರು ದೊಡ್ಡದಿರಲಿ ಚಿಕ್ಕದಿರಲಿ ಪ್ರತಿ ರಾಜ್ಯಕ್ಕೂ 10, ಪ್ರತಿ ಕಾಂಗ್ರೆಸ್ ಕ್ಷೇತ್ರಕ್ಕೆ 3 ಡೆಲಿಗೇಟ್‌ಗಳನ್ನು ಕೊಡುತ್ತಾರೆ. ಮಾರ್ಚ್ 15ರಿಂದಾಚೆಗೆ ಗೆದ್ದವರಿಗೇ ಎಲ್ಲವನ್ನೂ ಕೊಡಲು ಅಲ್ಲಿ ರಾಜ್ಯಗಳಿಗೆ ಅವಕಾಶವಿದೆ.

ದಿನಾಂಕ ಬದಲಾಗಬೇಕೆಂದರೆ ಕೇಳಬೇಕಾದದ್ದು ನಿಮ್ಮ ರಾಜ್ಯದ ಶಾಸಕರನ್ನು, ಏಕೆಂದರೆ ಹೆಚ್ಚಿನ ಕಡೆ ಅದನ್ನು ಗೊತ್ತುಮಾಡುವುದು ರಾಜ್ಯದ ಕಾನೂನು. ನ್ಯೂಜೆರ್ಸಿ 2008ರಲ್ಲಿ ಫೆಬ್ರವರಿ 5ಕ್ಕೆ ಬಂದಿತ್ತು. ಒಂದೇ ವರ್ಷ ಅಧ್ಯಕ್ಷ ಸ್ಥಾನಕ್ಕೊಂದು, ಉಳಿದ ಹುದ್ದೆಗಳಿಗೊಂದು ಎಂದು ಎರಡೆರಡು ಪ್ರೈಮರಿಯ ಖರ್ಚು ಬೇಡವೆಂದು ಮತ್ತೆ ಜೂನ್‌ಗೆ ಹೋಯಿತು. ಕ್ಯಾಲಿಫೋರ್ನಿಯಾ ಮಾತ್ರ ಜೂನ್ ಬಿಟ್ಟು 2020ರಲ್ಲಿ ಮಾರ್ಚ್‌ಗೆ ಬಂದು ಅಲ್ಲೇ ಉಳಿಯಿತು.

ಮತ ಕೈತಪ್ಪುವುದು ಹೆಚ್ಚಾಗಿ ನೋಂದಣಿಯಲ್ಲಿ. ಟೆಕ್ಸಾಸ್‌ನಲ್ಲಿ ಪಕ್ಷದ ನೋಂದಣಿ ಇಲ್ಲ, ಮತದಾರರ ಪಟ್ಟಿಗೆ ಹೆಸರು 30 ದಿನ ಮೊದಲೇ ಸೇರಿಸಿರಬೇಕು, ಅಷ್ಟೆ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಮತಗಟ್ಟೆಯಲ್ಲೇ ಪಕ್ಷ ಆರಿಸಬಹುದು. ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಗುವವರು 55 ದಿನ ಮೊದಲೇ ಅರ್ಜಿ ಕೊಡಬೇಕು. ಫ್ಲೋರಿಡಾ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ಪಕ್ಷದ ಸದಸ್ಯರಾಗಿ ನೋಂದಾಯಿಸದವರಿಗೆ ಪ್ರೈಮರಿಯ ಬಾಗಿಲೇ ಮುಚ್ಚಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ‘ಸ್ವತಂತ್ರ’ ಎಂದುಕೊಂಡು ‘ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ’ ಗುರುತು ಹಾಕಿದವರು ಬಹಳ. ಅದು ಒಂದು ಪಕ್ಷ. ನಿಮಗೆ ಬೇಕಾದದ್ದು ‘ನೋ ಪಾರ್ಟಿ ಪ್ರಿಫರೆನ್ಸ್’, ಅಂದರೆ ಯಾವ ಪಕ್ಷವೂ ಬೇಡ ಎಂಬ ಗುರುತು.

ಗ್ರೀನ್ ಕಾರ್ಡ್, ಎಚ್‌-1ಬಿ ವೀಸಾ ಇರುವ, ಅಂದರೆ ಪೌರತ್ವ ಇಲ್ಲದವರಿಗೆ ಪ್ರೈಮರಿಯಲ್ಲೂ ಮತವಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ‘ಬೇಡ’ ಎನ್ನಿ. ಗೊತ್ತಿಲ್ಲದೆ ಹೆಸರು ಸೇರಿದ್ದರೂ ಪೌರತ್ವದ ಎನ್‌-400 ಅರ್ಜಿ ಅದನ್ನು ಕೇಳುತ್ತದೆ. ಅಂಥ ನೋಂದಣಿಯಿಂದ ಪೌರತ್ವ ನಿರಾಕರಣೆಯಾಗಬಹುದು, ದೇಶ ಬಿಡುವ ಪ್ರಸಂಗವೂ ಬರಬಹುದು. ಈಗಾಗಲೇ ಹೆಸರು ಸೇರಿದ್ದರೆ ಅರ್ಜಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ.